ಬಾಯಿಲ್ಲದ ಹುಳುವಿಗೆ ವಿಷ ಹೊಡೆಸಿದವರಿಗೆ

ತಿಪಟೂರಿನ ಮಹಾಜನರೇ, ತುರುವೇಕೆರೆಯ ತೋಟದವರೇ, ಹುಳಿಯಾರಿನ ಸಂತೆಗೆ ಹೊರಟವರೇ, ಒಂದು ಗಳಿಗೆ ನಿಲ್ಲಿ. ನೀವು ಸಾಕ್ಷಿ. ನನ್ನ ಮಾತಿರುವುದು ಮುಂದಿನ ಸಾಲಿನ ಮೆತ್ತನೆ ಕುರ್ಚಿಯವರ ಜೊತೆ.

ಮಾನ್ಯ ನೈರ್ಮಲ್ಯಾಧಿಕಾರಿಗಳೇ, ನಮ್ಮ ಬಿಳಿಗೆರೆ ಹಳ್ಳಕ್ಕೆ ವಿಷ ಹೊಡೆಸಿ ದಂಡೆಯ ಹಕ್ಕಿಗಳ ಅನ್ನ ಕಿತ್ತುಕೊಂಡವರು ನೀವು.

ಕಾರಣ ಊರಿಗೇ ಗೊತ್ತು. ಯುಗಾದಿ ಕಳೆದ ಮೇಲೆ ಹಳ್ಳದ ದಂಡೆಯಲ್ಲಿ ನಮ್ಮ ನಾಟಕವಿತ್ತು. ಗದೆ ಹೊತ್ತು ಶಪಥ ಮಾಡುವ ಪಾತ್ರ ನನ್ನದು. ನಮ್ಮ ಕಡೆಯ ಪದ್ಧತಿಯಂತೆ ಶಪಥವನ್ನು ಅರ್ಧಕ್ಕೆ ನಿಲ್ಲಿಸಿ, ಮುಖ್ಯ ಅತಿಥಿಗಳಾದ ನಿಮ್ಮನ್ನು ರಂಗಕ್ಕೆ ಕರೆದು, ನಾನೇ ಹಾರ ಹಾಕಿದೆ. ದೀಪ ಹಚ್ಚುವ ಹೊತ್ತು. ಹಳ್ಳದ ಕಲ್ಲಿನಡಿ ಬೆಳೆದ ಹುಳುಗಳು ರೆಕ್ಕೆ ಬಿಚ್ಚಿ ಮೇಲೇಳುವುದೂ ಆಗಲೇ. "ಪ್ರಕೃತಿಯನ್ನು ಪ್ರೀತಿಸಿ" ಎನ್ನಲು ಬಾಯಿ ತೆರೆದಿರಿ. ಒಂದು ಹುಳು ಒಳಗೆ ಹೋಯಿತು. ಹಾರ್ಮೋನಿಯಂ ಬೀರಲಿಂಗಯ್ಯ ನನಗೆ ಮೆಲ್ಲಗೆ ಅಂದ: "ಸಾಹೇಬ್ರ ಊಟ ಮುಂಚೇನೇ ಆಗೋಯ್ತು ಕಣ್ಲಾ." ಹಾಳು ಮೈಕು ಅದನ್ನೂ ಊರಿಗೆಲ್ಲ ಸಾರಿತು. ಜನ ನಕ್ಕರು.

ವಾರದೊಳಗೆ ಹಳ್ಳಕ್ಕೆ ಔಷಧಿ ಗಾಡಿ ಬಂತು. ಹೆಸರು ಸೊಳ್ಳೆ ನಿರ್ಮೂಲನೆ. ಯಾವ ಸೊಳ್ಳೆ ಸ್ವಾಮಿ? ರೆಕ್ಕೆ ಬಂದ ಮೇಲೆ ಆ ಹುಳುವಿಗೆ ತಿನ್ನುವ ಬಾಯೇ ಇರುವುದಿಲ್ಲ. ಹಾರುತ್ತದೆ, ಮೊಟ್ಟೆಯಿಡುತ್ತದೆ, ಸಾಯುತ್ತದೆ. ಬಾಯಿಲ್ಲದ್ದು ಕಚ್ಚುತ್ತದೆಂದು ತೀರ್ಪು ಕೊಟ್ಟ ಮೊದಲ ಮಹಾನುಭಾವರು ನೀವೇ ಇರಬೇಕು. ಹೊಲಗಳು ಒಣಗಿ ಬಿರಿದಿರುವ ಈ ದಿನಗಳಲ್ಲಿ ಹೊಂಗೆಕಾಡಿನ ರಾಜಹಕ್ಕಿ, ನೀರಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ತಮ್ಮ ಮರಿಗಳ ಬಾಯಿಗಿಡುವುದು ಇದನ್ನೇ. ನೀರು ಸಾಕಿದ್ದನ್ನು ಕಾಡು ಉಣ್ಣುತ್ತದೆ. ಆ ಅಡಿಗೆಮನೆಗೇ ವಿಷವಿಕ್ಕಿದಿರಲ್ಲ, ಒಂದು ನಗೆಯ ಸೇಡಿಗೆ?

ಎಮ್ಮೆ ತೊಳೆಯಲು ಹೋದ ನನ್ನ ಹೆಂಡತಿ ಲಕ್ಷ್ಮಿದೇವಮ್ಮ, ಹೊಂಗೆಯಡಿ ಬಿದ್ದಿದ್ದ ರಾಜಹಕ್ಕಿ ಮರಿಯನ್ನು ಸೆರಗಿನಲ್ಲಿ ತಂದಳು. ಹೊಟ್ಟೆ ಬೆನ್ನಿಗೆ ಹತ್ತಿ ಸತ್ತಿತ್ತು. "ತಾಯಿ ಬತ್ತೈತೆ, ಬರೀ ಬಾಯಲ್ಲಿ ಬತ್ತೈತೆ, ಹೋಯ್ತೈತೆ. ನಿಮ್ ಸಾಹೇಬ್ರಿಗೆ ಹಾರ ಹಾಕುದ್ರಲ್ಲ, ಇದುಕ್ಕೂ ಒಂದು ಹಾಕ್ರಿ" ಅಂದಳು. ನಿಮಗೆ ಹಾರ ಹಾಕಿದ ಈ ಕೈಯಿಂದಲೇ ಅದಕ್ಕೆ ಹೊಂಗೆಯಡಿ ಗುಂಡಿ ತೋಡಿದೆ.

ಈಗ ನಿಮ್ಮ ಎರಡನೆಯ ಆಜ್ಞೆ: ಕೆರೆಯ ತೂಬಿನ ಬಳಿ ಉಳಿದಿರುವ ಮೇಲ್ಹಳ್ಳಕ್ಕೂ ನಾಳೆ ಔಷಧಿ. ಅಲ್ಲಿ ಹುಳು ಇನ್ನೂ ಏಳುತ್ತಿದೆ, ಗೂಡುಗಳಲ್ಲಿ ಮರಿಗಳು ಬದುಕಿವೆ. ಆ ಆಜ್ಞೆಯನ್ನು ಇಂದೇ ಹಿಂತೆಗೆಯಿರಿ. ಇಲ್ಲವೋ, ನಮ್ಮ ಮುಂದಿನ ಅಷ್ಟೂ ನಾಟಕಗಳ ವಿದೂಷಕ ನೀವೇ. ರಂಗ ಕಟ್ಟಿದಲ್ಲೆಲ್ಲ ಹಾರ ಹಾಕಿಕೊಂಡು ಬರುತ್ತೀರಿ, ಬಾಯಿ ತೆರೆಯುತ್ತೀರಿ, ಹುಳು ನುಂಗುತ್ತೀರಿ. ನಿಮ್ಮ ಕೆಮ್ಮನ್ನು ಆಗಲೇ ಕಲಿತಿದ್ದೇನೆ. ವರ್ಗಾವಣೆ ಮಾಡಿಸಿಕೊಂಡರೂ ತಪ್ಪದು; ನೀವು ಹೋದ ಊರಿಗೆ ನಾಟಕ ಬರುತ್ತದೆ.

ನಾಳೆ ಬೆಳಗಾಗುವಾಗ ಮುಖಕ್ಕೆ ಬಣ್ಣ ಬಳಿದು, ಕಿರೀಟವಿಟ್ಟು, ಗದೆ ಹಿಡಿದು ಮೇಲ್ಹಳ್ಳದ ನಡುನೀರಿನಲ್ಲಿ ನಿಂತಿರುತ್ತೇನೆ. ಅಂದು ನಿಮಗಾಗಿ ಅರ್ಧಕ್ಕೆ ನಿಲ್ಲಿಸಿದ ಶಪಥದ ಉಳಿದರ್ಧವನ್ನು ನಿಮ್ಮ ಔಷಧಿ ಗಾಡಿಯ ಮುಂದೆ ಮುಗಿಸುತ್ತೇನೆ.

ಇಂತಿ,
ನಿಮ್ಮ ಕೊರಳಿಗೆ ಹಾರ ಹಾಕಿ ಇನ್ನೂ ಕೈ ತೊಳೆಯುತ್ತಿರುವ
ಕಲ್ಲೇಶ್, ಬಿಳಿಗೆರೆ