ಗೋಡೆ ಮುಟ್ಟಿ ನೀನು ಹೇಳಿದ್ದು

ಅಪ್ಪಾ,

ಹೇಗಿದ್ದೀಯ ಅಂತ ಯಾವ ಬಾಯಲ್ಲಿ ಕೇಳಲಿ, ನೀನು ಹೋಗಿ ಹತ್ತು ತಿಂಗಳಾಯಿತು. ಆದರೂ ಬರೆಯಲೇಬೇಕು. ನಿನಗೊಂದು ಮಾತು ತಲುಪಿಸುವುದಿದೆ. ಅದಕ್ಕೂ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದು ನಿನಗೆ ಗೊತ್ತಿರುವುದೇ. ಗೊತ್ತಿದ್ದೂ ನೀನು ಒಂದು ದಿನವೂ ಅದನ್ನು ಎತ್ತಲಿಲ್ಲವಲ್ಲ, ಅದಕ್ಕೇ ನನಗೆ ಈಗ ಅನ್ನ ಇಳಿಯುವುದಿಲ್ಲ.

ನೀನು ಬ್ರಿಸ್ಬೇನಿನಿಂದ ಅಡಿಲೇಡಿಗೆ ಬಂದಿಳಿದಾಗ ಸೂಟ್‌ಕೇಸ್ ಕೈಗೆ ಸಿಗುವ ಮುಂಚೆಯೇ ಫೋನ್ ತೆಗೆದಿದ್ದೆ. ಅಲ್ಲಿ ತಮ್ಮ ಮಂಜುವಿನ ಮನೆಯ ಹಿತ್ತಲಲ್ಲಿ ನೀನು ಇಟ್ಟಿಗೆಯಲ್ಲಿ ಕಟ್ಟಿಕೊಟ್ಟ ಬಾರ್ಬೆಕ್ಯೂ ಒಲೆಯ ಫೋಟೋ. ಅಕ್ಕಪಕ್ಕದವರೆಲ್ಲ ಬಂದು ನೋಡಿದರಂತೆ. ಅವನು ಎಲ್ಲರ ಮುಂದೆ ನಿನ್ನ ಹೆಗಲ ಮೇಲೆ ಕೈ ಹಾಕಿ ‘ನಮ್ಮಪ್ಪ ಮೇಸ್ತ್ರಿ’ ಅಂದನಂತೆ. ಕಾರು ಹತ್ತುವಷ್ಟರಲ್ಲಿ ನೀನು ಅದನ್ನೇ ಮೂರು ಸಲ ಹೇಳಿದೆ. ನಾನೇನು ಮಾಡಿದೆ? ಇಲ್ಲಿ ಈ ಫೋಟೋ ಯಾರಿಗೂ ತೋರಿಸಬೇಡಪ್ಪ ಅಂದೆ. ಯಾಕೆ ಅಂತ ನೀನು ಕೇಳಲಿಲ್ಲ. ಫೋನನ್ನು ಜೇಬಿಗಿಟ್ಟುಕೊಂಡೆ.

ಯಾಕೆ ಅಂತ ಈಗ ಹೇಳುತ್ತೇನೆ. ವಾಣಿ ಮತ್ತು ಅವಳ ಗಂಡ ಕಿರಣ್ ಪರ್ತ್‌ನ ಜೂಂಡಲಪ್‌ನಿಂದ ಇಲ್ಲಿಗೆ ಬಂದ ಹೊಸತು. ಮೈಸೂರಿನವರು. ವಾಣಿಯ ಮಾತೆಲ್ಲ ಶುರುವಾಗುವುದೇ ‘ನಮ್ಮ ತಂದೆ ಚೀಫ್ ಇಂಜಿನಿಯರ್ ಆಗಿದ್ದಾಗ’ ಅಂತ. ನಿಮ್ಮ ತಂದೆ ಏನು ಮಾಡ್ತಿದ್ರು ಅಂತ ಅವಳು ಕೇಳಿದ ದಿನ ನನ್ನ ಬಾಯಿಂದ ‘ಪಿಡಬ್ಲ್ಯುಡಿ ಇಂಜಿನಿಯರ್’ ಅಂತ ಬಂದುಬಿಟ್ಟಿತು. ನೀನು ನಂಜನಗೂಡಿನಿಂದ ದಿನಾ ಬೆಳಿಗ್ಗೆ ರೈಲು ಹತ್ತಿ ಮೈಸೂರಿಗೆ ಹೋಗಿ ನಲವತ್ತು ವರ್ಷ ಗಾರೆ ಕೆಲಸ ಮಾಡಿ ನನ್ನನ್ನು ಓದಿಸಿದೆ. ನಾನು ಓದಿದ್ದೂ ಸಿವಿಲ್ ಇಂಜಿನಿಯರಿಂಗೇ. ಹೊಟ್ಟೆಗೆ ಹಿಟ್ಟು ಹಾಕಿದವನನ್ನು ಬಚ್ಚಿಟ್ಟು ಜುಟ್ಟಿಗೆ ಮಲ್ಲಿಗೆ ಮುಡಿದುಕೊಂಡವಳು ನಾನು.

ಫ್ಲಿಂಡರ್ಸ್ ಬೆಟ್ಟಗಳಿಗೆ ಹೊರಟ ದಿನ ನೆನಪಿದೆಯಾ? ನಾವಿಬ್ಬರು ಒಂದು ಕಾರು, ಅವರಿಬ್ಬರು ಒಂದು ಕಾರು. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ ನಿನ್ನನ್ನು ಪಕ್ಕಕ್ಕೆ ಕರೆದು, ಯಾರಾದರೂ ಕೇಳಿದರೆ ಪಿಡಬ್ಲ್ಯುಡಿಯಲ್ಲಿದ್ದೆ ಅನ್ನು, ಅಷ್ಟು ಸಾಕು ಅಂತ ಹೇಳಿಕೊಟ್ಟೆ. ಎಪ್ಪತ್ತು ದಾಟಿದ ಅಪ್ಪನಿಗೆ ಮಗಳು ಪಾಠ ಹೇಳಿಕೊಟ್ಟಳು. ನೀನು ನಕ್ಕೆ. ‘ಪಿಡಬ್ಲ್ಯುಡಿ ಬಿಲ್ಡಿಂಗಿಗೂ ಗಾರೆ ಹಾಕಿವ್ನಲ್ಲವ್ವಾ, ಸುಳ್ಳೇನಾದಾತು’ ಅಂದೆ. ಆಮೇಲೆ ಟೀ ಸಿಗುತ್ತಾ ನೋಡು ಅಂದೆ.

ದಾರಿ ಸಲೀಸಾಗಿತ್ತು. ಒಣಗಿದ ಹಳ್ಳದ ಮರಳಲ್ಲಿ ಒಂದು ಮುಕ್ಕಾಲು ಗಂಟೆ, ಆಮೇಲೆ ಸಣ್ಣದೊಂದು ಏರು. ಸುತ್ತ ಕೆಂಪು ಬೆಟ್ಟ, ಬೋಳು ನೆಲ, ಚಳಿಗಾಲದ ಹಿತವಾದ ಬಿಸಿಲು. ಹೊಸ ಶೂಗೆ ಮಣ್ಣಾಗುತ್ತದೆಂದು ನೀನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಡೆಯುತ್ತಿದ್ದೆ. ಏರಿನ ಮೇಲೆ ಆ ಪಾಳುಮನೆ. ಕುರಿ ಸಾಕುತ್ತಿದ್ದವರು ನೂರೈವತ್ತು ವರ್ಷದ ಹಿಂದೆ ಕಟ್ಟಿ, ಮಳೆಯಿಲ್ಲದೆ ಬಿಟ್ಟು ಹೋದದ್ದಂತೆ. ಅಲ್ಲಿಂದ ಹತ್ತು ನಿಮಿಷ ಮುಂದೆ ಬಂಡೆಯ ಬುಡದಲ್ಲಿ ನೀರು ಜಿನುಗುವ ಊಟೆ. ವಾಣಿ, ಕಿರಣ್ ಫೋಟೋಗೆಂದು ಮೊದಲು ಊಟೆಯ ಕಡೆ ಹೋದರು. ನೀನು ಮಾತ್ರ ಗೋಡೆ ನೋಡಿದವನು ಕಾಲು ಕೀಳಲಿಲ್ಲ.

ಅಲ್ಲಿ ಗ್ರೇಯಮ್ ಅಂತ ಒಬ್ಬರು ಗೋಡೆ ರಿಪೇರಿ ಮಾಡುತ್ತಿದ್ದರು. ನಿನ್ನದೇ ವಯಸ್ಸು, ಸಂಬಳವಿಲ್ಲದ ಕೆಲಸ, ವಾರದ ಕೊನೆಗೆ ಬಂದು ಹೋಗುತ್ತಾರೆ. ನೀನು ಅವರಿಗೆ ಕೈಕೊಟ್ಟು ಸೀದಾ ಗೋಡೆಯ ಮೂಲೆಗೆ ಹೋದೆ, ಅಂಗೈ ಇಟ್ಟೆ, ಬೆರಳಲ್ಲಿ ಸಂದು ಕೆರೆದೆ. ‘ಕೆಸರು, ಸುಣ್ಣದಾಗೆ ಕಟ್ಟಿರೋ ಗ್ವಾಡೆಗೆ ಸಿಮೆಂಟು ಮೆತ್ತವ್ರೆ ಕಣವ್ವ. ನೀರು ಒಳಗೇ ನಿಂತ್ಕತದೆ. ಈ ಮೂಲೆ ಒಂದು ಜೋರು ಮಳೆ ತಡಿಯಕ್ಕಿಲ್ಲ. ಕಿತ್ತಾಕಿ ಸುಣ್ಣ ಹಾಕೋಕೆ ಹೇಳು ಆಯಪ್ಪಂಗೆ.’ ನಿಮ್ಮ ತಂದೆ ಏನಂತಾರೆ ಅಂತ ಗ್ರೇಯಮ್ ಕೇಳಿದರು. ನಾನು ಹೇಳಿದ್ದು ಇಷ್ಟು: ತುಂಬಾ ಚೆನ್ನಾಗಿದೆ ಅಂತಾರೆ.

ಹೇಳಿದೆಯಾ ಅಂತ ನೀನು ಕೇಳಿದೆ. ಹೇಳಿದೆ ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲವಲ್ಲ. ಗ್ರೇಯಮ್ ಕೈಯಲ್ಲಿದ್ದ ಗಾರೆ ಕರಣೆಯನ್ನು ಒರೆಸಿ, ಹಿಡಿ ನಿನ್ನ ಕಡೆ ಬರುವ ಹಾಗೆ ತಿರುಗಿಸಿ ಚಾಚಿದರು. ಬಾ, ಎರಡು ಕಲ್ಲು ಇಡು ಅಂತ. ಅದಕ್ಕೆ ಭಾಷಾಂತರ ಬೇಕಿತ್ತಾ? ನಿನ್ನ ಕೈ ಆಗಲೇ ಮುಂದೆ ಹೋಗಿತ್ತು. ಅಷ್ಟರಲ್ಲಿ ಊಟೆಯ ಕಡೆಯಿಂದ ವಾಣಿಯ ನಗು ಕೇಳಿತು. ನೀನು ಕುಕ್ಕರಗಾಲಲ್ಲಿ ಕೂತು ಗಾರೆ ಕಲಸುವುದನ್ನು ಅವಳು ನೋಡಿಬಿಟ್ಟರೆ ಅಂತ ನಾನು ನಿಮ್ಮಿಬ್ಬರ ನಡುವೆ ಬಂದು ನಿಂತೆ. ಗ್ರೇಯಮ್‌ಗೆ, ನಮ್ಮ ತಂದೆ ಇಂಜಿನಿಯರ್, ಬೆನ್ನು ನೋವಿದೆ, ಆಗುವುದಿಲ್ಲ ಅಂದೆ. ನಿನಗೆ, ಇಲ್ಲಿ ಹೊರಗಿನವರು ಮುಟ್ಟಬಾರದಂತಪ್ಪ ಅಂದೆ. ನೀನು ಅವರ ಮುಖ ನೋಡಿದೆ, ಕರಣೆ ನೋಡಿದೆ, ನನ್ನನ್ನು ನೋಡಿದೆ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಅದಾಗಿ ಐದು ನಿಮಿಷಕ್ಕೆ ಕಿರಣ್ ಬಂದು ಕೇಳಿದ್ದು ನನ್ನ ಕಿವಿಯಲ್ಲೇ ಇದೆ. ಅಂಕಲ್, ನೀವು ಇಂಜಿನಿಯರ್ ಅಲ್ವಾ, ಈ ಗೋಡೆ ಹೇಗೆ ಕಟ್ಟಿರ್ತಾರೆ ಹೇಳಿ ಅಂದ. ನೀನು ಗೋಡೆಯ ಕಡೆ ತಿರುಗಲೇ ಇಲ್ಲ. ‘ನಮಗೇನು ಗೊತ್ತಾಗುತ್ತೆ ಸರ್, ನಮ್ಮದೆಲ್ಲ ಕಾಗದದ ಮೇಲಿನ ಕೆಲಸ’ ಅಂದೆ. ನಿನಗೆ ಬಾರದ ನಯವಾದ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ. ನಿನ್ನ ವಯಸ್ಸಿನ ಅರ್ಧವೂ ಆಗದವನಿಗೆ ಸರ್ ಅಂದೆ. ನನ್ನ ಮಾನ ಉಳಿಸಲು ನಿನಗೆ ಬರುವ ಒಂದೇ ವಿದ್ಯೆಯನ್ನು ಬರುವುದಿಲ್ಲ ಅಂದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು, ಅಲ್ಲವಾ ಅಪ್ಪ? ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದೆ. ವಾಪಸು ಐದು ಗಂಟೆಯ ದಾರಿಯಲ್ಲಿ ನೀನು ಎರಡು ಸಲ ಮಾತಾಡಿದೆ. ಎರಡು ಸಲವೂ ನನಗೆ ನಿದ್ದೆ ಬರುತ್ತಿದೆಯಾ ಅಂತ ವಿಚಾರಿಸಿದ್ದು.

ನೀನು ಹೋದ ಮೇಲೆ, ಊರಲ್ಲಿ ಕರ್ಮ ಮುಗಿಸಿ ಬಂದು, ವಾಣಿಗೆ ಎಲ್ಲ ಹೇಳಿದೆ. ನಮ್ಮಪ್ಪ ಇಂಜಿನಿಯರ್ ಅಲ್ಲ, ಗಾರೆ ಕೆಲಸದವರು ಅಂತ. ಅವಳು, ಅಯ್ಯೋ ಅದಕ್ಕೇನೀಗ, ಕಾಫಿ ಕುಡಿತೀಯಾ ಅಂದಳು. ಅಷ್ಟೇ ಅಪ್ಪ. ಇಷ್ಟಕ್ಕೋಸ್ಕರ ನಾನು ನಿನ್ನನ್ನು...

ಹೋದ ಶನಿವಾರ ಒಬ್ಬಳೇ ಅಲ್ಲಿಗೆ ಹೋದೆ. ಮೂಲೆ ಬಿದ್ದಿತ್ತು. ಬೇಸಿಗೆಯಲ್ಲಿ ಒಂದೇ ಒಂದು ಸಾಯಂಕಾಲ ಬಿದ್ದ ಮಳೆಗಂತೆ. ಗ್ರೇಯಮ್ ಕಲ್ಲುಗಳನ್ನು ಗಾತ್ರ ನೋಡಿ ಸಾಲಾಗಿ ಹರಡಿಕೊಂಡು ಕೂತಿದ್ದರು. ನನ್ನ ಗುರುತು ಹಿಡಿದು, ತಂದೆಯವರ ಬೆನ್ನು ಹೇಗಿದೆ ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ನೀನು ಯಾರು, ಅವತ್ತು ಏನು ಹೇಳಿದೆ, ನಾನು ಏನು ತಿರುಚಿದೆ, ನೀನು ಈಗ ಇಲ್ಲ ಅನ್ನುವುದನ್ನೂ.

ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ‘ನಾನು ಅವರನ್ನ ತಪ್ಪು ತಿಳ್ಕೊಂಡಿದ್ದೆ. ಕೈ ಹಿಂದಕ್ಕೆ ಕಟ್ಟಿಕೊಂಡ್ರಲ್ಲ, ದೊಡ್ಡ ಇಂಜಿನಿಯರ್, ನಮ್ಮಂಥವರ ಕರಣೆ ಮುಟ್ಟಲ್ಲ ಅಂದ್ಕೊಂಡೆ’ ಅಂದರು. ನಿನ್ನನ್ನು, ಅಪ್ಪ. ಎದುರಿಗೆ ಬಂದ ಯಾವ ಕೂಲಿಯವನಿಗೂ ಬೀಡಿ ಕೊಡದೆ ಮುಂದೆ ಹೋಗದ ನಿನ್ನನ್ನು ಇವರು ಇಷ್ಟು ದಿನ ಅಹಂಕಾರಿ ಅಂದುಕೊಂಡಿದ್ದರು. ನಿನ್ನ ಕೆಲಸವನ್ನು ಮುಚ್ಚಿಟ್ಟೆ ಅಂತಷ್ಟೇ ನಾನು ತಿಳಿದಿದ್ದೆ. ನಿನ್ನ ಗುಣಕ್ಕೂ ಮಸಿ ಬಳಿದಿದ್ದೆ ಅಂತ ಗೊತ್ತಿರಲಿಲ್ಲ. ಅತ್ತುಬಿಟ್ಟೆ. ಅವರು ಅಳಬೇಡ ಅನ್ನಲಿಲ್ಲ.

ಹೊರಡುವಾಗ ಕೂಗಿ ನಿಲ್ಲಿಸಿದರು. ಅವರ ಹೆಂಡತಿ ಹೋಗಿ ಆರು ವರ್ಷವಾಯಿತಂತೆ, ದಿನಾ ಬೆಳಿಗ್ಗೆ ಆಕೆಯೊಂದಿಗೆ ಮಾತಾಡುತ್ತಾರಂತೆ. ನೀನೂ ನಿನ್ನಪ್ಪನ ಜೊತೆ ಮಾತಾಡುವಾಗ ಇದನ್ನು ಹೇಳು ಅಂದರು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಕೇಳು.

‘ಮೇಸ್ತ್ರಿ, ಆ ಸಿಮೆಂಟು ಹಾಕಿದ್ದು ನಾನೇ. ನೀವು ಹೇಳಿದ್ದು ಸರಿ. ಉಳಿದ ಗೋಡೆಯದ್ದನ್ನ ಕಿತ್ತು ತೆಗೀತಾ ಇದ್ದೀನಿ, ಇನ್ನು ಸುಣ್ಣಾನೇ ಹಾಕ್ತೀನಿ. ಅವತ್ತು ನೀವು ಕೂತಿದ್ದಿದ್ರೆ ನಿಮ್ಮ ಪಕ್ಕದಲ್ಲಿ ಕೂತು ಕಲೀತಿದ್ದೆ.’

ಇಷ್ಟೇ ಅಪ್ಪ ಅವರು ಹೇಳಿದ್ದು. ಒಂದು ಮಾತೂ ಬಿಟ್ಟಿಲ್ಲ, ಒಂದು ಮಾತೂ ಸೇರಿಸಿಲ್ಲ.

ನಿನ್ನ ಮಗಳು,
ಸುಮಾ