ಗಡಿಯಾಚೆಯ ಹಳದಿ

ಇಲಿನಾಯ್ ಗಡಿ,
ಶನಿವಾರ, 11 ಅಕ್ಟೋಬರ್ 1958

ಹುಲ್ದಾ ಅತ್ತೆಗೆ,

‘ಪ್ರೀತಿಯ’ ಎಂದು ಶುರು ಮಾಡಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಶಾಲೆ ಬಿಟ್ಟವಳ ಅಕ್ಷರ ಹೇಗಿರುತ್ತದೆಂದು ನಿಮಗೆ ಗೊತ್ತು. ಆದರೂ ಓದುವವರ ಕಣ್ಣಿಗೆ ತೊಂದರೆಯಾಗದಿರಲಿ ಎಂದು ಈ ಸಲ ದುಂಡಗೆ, ಬಿಡಿಸಿ ಬರೆಯುತ್ತಿದ್ದೇನೆ.

ಬುಧವಾರ ನೀವು ನಾನು ಕೆಲಸಕ್ಕಿರುವ ಅಂಗಡಿಗೆ ಬಂದಾಗ ತಲೆಗೆ ಸ್ಕಾರ್ಫ್ ಇತ್ತು. ಮೋಡ ಕವಿದಿದ್ದರೂ ಕಪ್ಪು ಕನ್ನಡಕ, ಮೈಮೇಲೆ ಎಮಿಲ್ ಮಾವನ ಹಳೇ ಮಳೆಕೋಟು. ನನಗೆ ಗುರುತು ಸಿಕ್ಕಿದ್ದು ಬೆರಳಿನಿಂದ. ಗಲ್ಲಾದ ಪಕ್ಕ ಇಟ್ಟಿದ್ದ ಬನ್ನನ್ನು ಒತ್ತಿ ನೋಡಿದಿರಿ. ಇನ್ನೊಬ್ಬರು ಬೇಯಿಸಿದ್ದನ್ನು ಹಾಗೆ ಒತ್ತಿ ನೋಡುವವರು ನಮ್ಮೂರಲ್ಲಿ ನೀವೊಬ್ಬರೇ.

“ಮಾರ್ಗರೀನ್ ಇದೆಯಾ? ಹಳದೀದು?” ಎಂದು ಪಿಸುಗುಟ್ಟಿದಿರಿ. ಒಂದು ಪೆಟ್ಟಿಗೆ ಸಾಕು ಅಂದವರು, ಆ ಕಡೆ ಈ ಕಡೆ ನೋಡಿ, ಎರಡು ಇರಲಿ ಅಂದಿರಿ. “ಡಿಕ್ಕಿಯಲ್ಲಿ ಇಡಲಾ, ಹಿಂದಿನ ಸೀಟಿನಲ್ಲಿ ಇಡಲಾ, ಹುಲ್ದಾ ಅತ್ತೆ?” ಎಂದೆ. ನಿಮ್ಮ ಕನ್ನಡಕ ಮೂಗಿನ ತುದಿಗೆ ಜಾರಿತು.

ವಿಸ್ಕಾನ್ಸಿನ್‌ನಿಂದ ಬರುವವರೆಲ್ಲ ಹಾಗೇ. ಗಡಿಯಾಚೆ ನಮ್ಮೂರಿರುವ ಆ ರಾಜ್ಯದಲ್ಲಿ ಈ ಎಣ್ಣೆಯ ಬೆಣ್ಣೆಗೆ ಹಳದಿ ಬಣ್ಣ ಹಾಕಿ ಮಾರುವುದು ಅಪರಾಧ. ಹಾಲಿನ ಬೆಣ್ಣೆಯ ಮಾನ ಕಾಯಬೇಕಲ್ಲ! ಅದಕ್ಕೇ ಗಡಿ ದಾಟಿ ಬರುತ್ತಾರೆ, ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ ಒಯ್ಯುತ್ತಾರೆ. ನಾನು ಯಾರನ್ನೂ ನೋಡಿ ನಗುವುದಿಲ್ಲ. ನಿಮ್ಮನ್ನು ನೋಡಿ ನಕ್ಕೆ.

ಹೋದ ವರ್ಷ ಚರ್ಚಿನ ಸುಗ್ಗಿ ಊಟದ ದಿನ ಅಮ್ಮ ಆಲೂಗಡ್ಡೆ ಬೇಯಿಸಿ ನುರಿದು ತಂದಿದ್ದಳು. ನೀವು ಒಂದೇ ಚಮಚ ಬಾಯಿಗಿಟ್ಟು, ಚಮಚ ಕೆಳಗಿಟ್ಟು, ಪಾದ್ರಿಯ ಎದುರೇ ಎದ್ದು ನಿಂತಿರಿ. “ಇದರಲ್ಲಿರೋ ಬೆಣ್ಣೆ ಹಸುವಿನ ಕೆಚ್ಚಲಿಂದ ಬಂದಿದ್ದಲ್ಲ. ಹಾಲು ಮಾರಿ ಬದುಕೋ ಮನೇಲಿ ಇಂಥದ್ದಾ, ಲೀನಾ?” ಅಂದಿರಿ. ಅಮ್ಮ ಸುಳ್ಳು ಹೇಳಲಿಲ್ಲ. ಹೌದು ಅಂದಳು. ಹಾಲನ್ನೆಲ್ಲ ಮಾವನ ಚೀಸ್ ಕಾರ್ಖಾನೆಗೆ ಹಾಕಿ ನಾವು ಅಗ್ಗದ್ದು ತಿನ್ನುತ್ತಿದ್ದೆವು. ಊರಲ್ಲಿ ಅರ್ಧ ಮನೆಗಳು ಮಾಡುವುದೂ ಅದನ್ನೇ. ಚರ್ಚಿನ ಅಡುಗೆಮನೆಯ ಮೊಳೆಗೆ ತೂಗುತ್ತಿದ್ದ ಅವಳ ಏಪ್ರನ್ ತೆಗೆದು, ಮಡಿಸಿ, ಅವಳ ಕೈಗೆ ಕೊಟ್ಟಿರಿ. ಎಸೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಪೋಸ್ಟ್ ಆಫೀಸಿನ ಗುಡ್ರುನ್ ಅವರಿಗೆ ಆ ಸುದ್ದಿ ಮುಟ್ಟಿಸಿದವರೂ ನೀವೇ. ಗುಡ್ರುನ್‌ಗೆ ಗೊತ್ತಾದರೆ ಊರಿಗೇ ಗೊತ್ತಾದ ಹಾಗೆ ಎಂದು ನಗುತ್ತಿದ್ದವರೂ ನೀವೇ. ಹಲ್ಲು ಕೀಳಿಸಿಕೊಂಡೆ ಎಂದು ಮಾವ ಮಿಲ್ವಾಕೀಯಿಂದ ಅಂಚೆ ಕಾರ್ಡು ಬರೆದಾಗ, ಅದು ನಿಮ್ಮ ಕೈ ಸೇರುವ ಮೊದಲೇ ನೆರೆಮನೆಯವರು ಸೂಪು ತಂದು ಕೊಟ್ಟಿದ್ದರಲ್ಲ!

ಆಮೇಲೆ ಮಾವನ ಲಾರಿ ನಮ್ಮ ಗೇಟಿನ ಮುಂದೆ ನಿಲ್ಲುವುದು ನಿಂತಿತು. ಹಾಲಿನ ಗುಣ ಸರಿಯಿಲ್ಲ ಅಂದರಂತೆ. ಕ್ಯಾನುಗಳು ಬಿಸಿಲಲ್ಲಿ ನಿಂತು ನಾರಿದವು. ಅಪ್ಪ ಹಸುಗಳನ್ನು ಮಾರಿದ. ಅವನು ನಿಮ್ಮ ಒಡಹುಟ್ಟಿದ ತಮ್ಮ, ಹಾಲು ಕರೆಯಲು ಅವನಿಗೆ ಕಲಿಸಿದವರೇ ನೀವು. ನಾನು ಶಾಲೆ ಬಿಟ್ಟೆ. ಅದು ಮಾತ್ರ ನಿಮ್ಮ ತಪ್ಪಲ್ಲ. ನನಗೇ ಅಲ್ಲಿ ಕೂರಲು ಆಗುತ್ತಿರಲಿಲ್ಲ, ನೆಪ ಸಿಕ್ಕಿತು. ಇಲ್ಲದ್ದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಎರಡು ಪೆಟ್ಟಿಗೆ ಯಾಕೆ ಎಂದು ಕೇಳಿದೆ. ಮುಂದಿನ ವಾರ ಗುರುವಾರದ ಸುಗ್ಗಿ ಊಟದ ಬನ್ನಿಗೆ ಅಂದಿರಿ. ಬೆಣ್ಣೆಯ ಘಮ ಅಂದರೆ ಇದು ಎಂದು ಪಾದ್ರಿ ಹೊಗಳುವ ಅದೇ ಬನ್ನು. “ಬೆಣ್ಣೆ ಹಾಕಿದ್ರೆ ಅಷ್ಟು ಮೆತ್ತಗೆ ಬರಲ್ಲ ಕಣೇ” ಅಂದಿರಿ. ಯಾವಾಗಿನಿಂದ ಎಂದೆ. “ಮೊದಲಿಂದಾನೂ.”

ಮೊದಲಿಂದಲೂ! ಹಾಗಾದರೆ ಆ ದಿನ ಅಮ್ಮನ ಆಲೂಗಡ್ಡೆಯ ಪಕ್ಕದ ಬುಟ್ಟಿಯಲ್ಲಿದ್ದ ನಿಮ್ಮ ಬನ್ನೂ ಅದರದ್ದೇ. ಒಂದೇ ಚಮಚಕ್ಕೆ ನಿಮಗೆ ರುಚಿ ಹೇಗೆ ಸಿಕ್ಕಿಬಿತ್ತು ಎಂದು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ. ಬುಧವಾರ ತಿಳಿಯಿತು.

ಆಗ ನನ್ನ ಮಣಿಕಟ್ಟು ಹಿಡಿದುಕೊಂಡಿರಿ. “ಅರ್ಡಿಸ್, ಯಾರ ಮುಂದೇನೂ ಬಾಯಿ ಬಿಡಬೇಡ ಕಣೇ. ನಿಮ್ಮ ಮಾವನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು.” ನಿಜ ಹೇಳುತ್ತೇನೆ, ಅಯ್ಯೋ ಅನ್ನಿಸಿತು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ನೀವು ಉಸಿರು ಬಿಟ್ಟು, ಸ್ಕಾರ್ಫ್ ಸರಿಮಾಡಿಕೊಂಡು, ಬಾಗಿಲಲ್ಲಿ ತಿರುಗಿ ನಿಂತು, “ಆ ಬನ್ ಹಳಸಿದೆ, ನಿಮ್ಮ ಅಂಗಡಿ ಯಜಮಾನನಿಗೆ ಹೇಳು” ಅಂದಿರಿ. ನನ್ನ ‘ಅಯ್ಯೋ’ ಅಲ್ಲಿಗೆ ಮುಗಿಯಿತು.

ಮಾತು ಉಳಿಸಿಕೊಂಡಿದ್ದೇನೆ. ಅಂಗಡಿ ಯಜಮಾನರಿಗೆ ಹೇಳಿಲ್ಲ, ಅಪ್ಪನಿಗೆ ಹೇಳಿಲ್ಲ, ಅಮ್ಮನಿಗಂತೂ ಇಲ್ಲ. ಅವಳಿಗೆ ಗೊತ್ತಾದರೆ ನನ್ನ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾಳೆ. ಅವಳು ಇವತ್ತಿಗೂ ಪ್ರತಿ ಶನಿವಾರ ಆ ಏಪ್ರನ್‌ಗೆ ಇಸ್ತ್ರಿ ಹಾಕುತ್ತಾಳೆ, ಮತ್ತೆ ಪೆಟ್ಟಿಗೆಯಲ್ಲಿಡುತ್ತಾಳೆ.

ಗುರುವಾರ ಊಟಕ್ಕೆ ಮೊದಲು ನೀವು ಎದ್ದು ನಿಲ್ಲಬೇಕು. ಅಮ್ಮನ ಆಲೂಗಡ್ಡೆಯ ಬಗ್ಗೆ ಹೇಳಿದ್ದನ್ನು, ಅಷ್ಟೇ ಗಟ್ಟಿಯಾಗಿ, ನಿಮ್ಮ ಬನ್ನಿನ ಬಗ್ಗೆ ಹೇಳಬೇಕು. ಅವಳ ಏಪ್ರನ್ನನ್ನು ನಿಮ್ಮ ಕೈಯಾರೆ ಅದೇ ಮೊಳೆಗೆ ತೂಗುಹಾಕಬೇಕು. ನನಗೆ ಹಸುಗಳು ವಾಪಸ್ ಬೇಡ. ಇದು ಬೇಕು.

ಇಂತು,
ನಿಮ್ಮ ತಮ್ಮನ ಮಗಳು,
ಅರ್ಡಿಸ್

ತಾ.ಕ.: ನಮ್ಮ ಅಂಗಡಿಯಲ್ಲಿ ಲಕೋಟೆಗೇನೂ ಬರವಿಲ್ಲ. ಆದರೂ ಅಂಚೆ ಕಾರ್ಡುಗಳನ್ನು ನಾನೇ ಆರಿಸಿಕೊಂಡೆ. ಒಂಬತ್ತಾದವು. ಮೂಲೆಯಲ್ಲಿ ಅಂಕಿ ಹಾಕಿದ್ದೇನೆ, ಹಿಂದುಮುಂದಾದರೂ ಜೋಡಿಸಿಕೊಳ್ಳಬಹುದು. ಬಾಯಿ ಮಾತ್ರ ಬಿಟ್ಟಿಲ್ಲ, ಅತ್ತೆ.

ಗುಡ್ರುನ್ ಅವರೇ, ಗುರುವಾರ ಊಟಕ್ಕೆ ಬರುತ್ತೀರಲ್ಲ? ಈ ಸಲ ಅಮ್ಮನ ಪಕ್ಕ ಕೂತುಕೊಳ್ಳಿ.