ದೋಣಿ ಬಾರದ ಸಂಜೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಅಕ್ಕನ ಆಶೀರ್ವಾದ. ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಉತ್ತರ ತಡವಾಯಿತೆಂದು ಬೈಯಬೇಡ. ದಿನವಿಡೀ ವಾದ್ಯದವರಿಗೆಲ್ಲ ಸ್ವರದ ಹಾಳೆ ಬರೆದು ಬರೆದು ಮನೆಗೆ ಬಂದರೆ, ನನ್ನದೇ ನಾಲ್ಕು ಸಾಲು ಬರೆಯಲು ಕೈ ಬಗ್ಗುವುದಿಲ್ಲ. ಇದು ಬರೀ ನೆಪ ಅಂತ ನಿನಗೂ ಗೊತ್ತು, ನನಗೂ ಗೊತ್ತು, ಬಿಡು.

ಇಲ್ಲಿ ಸುದ್ದಿಗೇನೂ ಬರವಿಲ್ಲ. ಸಭಾಂಗಣದ ಹಿಂದಿನ ನನ್ನ ಕೋಣೆಗೆ ಕೊನೆಗೂ ಹೊಸ ಕಿಟಕಿ ಬಂತು. ದೊಡ್ಡ ಡೋಲಿನವರಿಗೆ ಮೊಮ್ಮಗ ಹುಟ್ಟಿದ್ದಾನೆ, ಗದ್ದಲದಲ್ಲಿ ತಾತನನ್ನೇ ಮೀರಿಸುತ್ತಾನಂತೆ. ವಾದ್ಯವೃಂದ ನಡೆಸುವ ನಮ್ಮ ಕಡ್ಡಿ ಮೇಷ್ಟ್ರು ಹಾಗೇ ಇದ್ದಾರೆ. ಕೂದಲು ಉದುರಿದೆ, ಸಿಟ್ಟು ಉದುರಿಲ್ಲ. ನಿನ್ನ ಜಾಗದಲ್ಲಿ ಹಾರ್ನ್ ನುಡಿಸುತ್ತಿದ್ದವರು ಹಲ್ಲು ಕಟ್ಟಿಸಿಕೊಂಡ ಮೇಲೆ ಊದಲಾರದೆ ಕೆಲಸ ಬಿಟ್ಟರು. ಮುಂದಿನ ತಿಂಗಳು ಅದೇ ದೋಣಿಯ ಕೃತಿಯನ್ನು ಮತ್ತೆ ನುಡಿಸುತ್ತಾರೆ.

ಅಷ್ಟಕ್ಕೇ ಕಾಗದ ಮಡಚಬೇಡ ಮಾರಾಯ, ಪೂರ್ತಿ ಓದು.

ಹೋದ ವಾರ ಮೇಷ್ಟ್ರು ಏಳು ವರ್ಷದ ಹಿಂದಿನ ಆ ಸಂಜೆಯ ಧ್ವನಿಮುದ್ರಣ ಕೊಟ್ಟು, "ಹಾಳೆಗಳನ್ನೆಲ್ಲ ಇದಕ್ಕೆ ಹೋಲಿಸಿ ನೋಡಮ್ಮ" ಅಂದರು. ಇಷ್ಟು ದಿನ ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪೆನ್ಸಿಲ್ ಹಿಡಿದು ಕೂತೆ.

ಮೊದಲು ಒಂಟಿ ಕೊಳಲು, ಬೆಳಗಿನ ನೀರು. ಆಮೇಲೆ ದಪ್ಪ ತಂತಿಗಳು ಹುಟ್ಟು ಹಾಕುತ್ತವೆ, ಅಂಬಿಗ ಹೊರಟ. ದಡದಲ್ಲಿ ನಿಂತ ಹೆಂಡತಿಯ ಪಾಲಿಗೆ ಶಹನಾಯಿಯಂಥ ದನಿಯ ಓಬೋ. ಅವಳು 'ಹೋಗಬೇಡ' ಅನ್ನುವುದಿಲ್ಲ, 'ಊಟದ ಹೊತ್ತಿಗೆ ಬಾ' ಅನ್ನುತ್ತಾಳೆ ಅಂತ ನೀನೇ ನನಗೆ ಹೇಳಿಕೊಟ್ಟಿದ್ದೆ. ಆಗ ನಕ್ಕಿದ್ದೆ, ಈಗ ಕೇಳಿದರೆ ನಿಜ ಕಣೋ, ಹಾಗೇ ಅನ್ನುತ್ತಾಳೆ. ಆಮೇಲೆ ಬಿರುಗಾಳಿ. ಅದು ನಿಂತು, ಎಲ್ಲವೂ ಸುಮ್ಮನಾದ ಮೇಲೆ ನಿನ್ನ ಹಾರ್ನ್ ದೂರದಿಂದ ಕೂಗಬೇಕು. ಅಂಬಿಗ ಬದುಕಿದ್ದಾನೆ ಅಂತ ಅವಳಿಗೆ ಗೊತ್ತಾಗುವುದೇ ಆಗ.

ಆ ಸಂಜೆ ನೀನು ಬಿರುಗಾಳಿಯ ನಡುವೆಯೇ ಕೂಗಿಬಿಟ್ಟೆ. ತಕ್ಷಣ ನಿಲ್ಲಿಸಿದೆ. ನಿಜವಾದ ಜಾಗ ಬಂದಾಗ ಹಾರ್ನ್ ಎತ್ತಲೇ ಇಲ್ಲ. ಧ್ವನಿಮುದ್ರಣದಲ್ಲಿ ಅಲ್ಲಿ ಯಾರೋ ಕೆಮ್ಮುವುದು ಕೇಳುತ್ತದೆ, ಅಷ್ಟೇ. ದೋಣಿ ಬರುವುದಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ಮತ್ತೆ ಹಾಕಿದೆ. ನಿನ್ನ ಹಾರ್ನ್ ಸುಮ್ಮನಿರಬೇಕಾದ ಒಂದೊಂದು ಆವರ್ತಕ್ಕೂ ಒಂದೊಂದು ಗೀಟು ಹಾಕುತ್ತಾ ಹೋದೆ. ಸರಿಯಾಗಿ ಇಪ್ಪತ್ತು ಗೀಟಾದ ಮೇಲೆ ನೀನು ಬಂದೆ. ಮೂರು ಸಲ ಎಣಿಸಿದೆ, ಮೂರು ಸಲವೂ ಇಪ್ಪತ್ತೇ. ಜ್ವರದಲ್ಲಿ ತಲೆ ಕೆಟ್ಟವನು ಹಾಗೆ ಕೂದಲೆಳೆ ತಪ್ಪದೆ ಎಣಿಸುತ್ತಾನೇನೋ? ಆ ಬೆಳಗ್ಗೆ ನೀನು ಜ್ವರ ಅಂತ ಅಭ್ಯಾಸಕ್ಕೆ ಬಂದಿರಲಿಲ್ಲ. ಮೇಷ್ಟ್ರು ಬಿರುಗಾಳಿಯ ಇಪ್ಪತ್ತು ಆವರ್ತಕ್ಕೆ ಇನ್ನೂ ನಾಲ್ಕು ಸೇರಿಸಿದ್ದು ಆಗಲೇ. ಹಾಳೆಯಲ್ಲಿ ಇಪ್ಪತ್ನಾಲ್ಕು ಅಂತ ಇತ್ತಲ್ಲ ಅನ್ನುತ್ತೀಯ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೇಷ್ಟ್ರನ್ನೂ ಕೂರಿಸಿ ಕೇಳಿಸಿದೆ. ಬೆರಳು ಮಡಚಿ ಎಣಿಸಿದವರು ಹೆಡ್‌ಫೋನ್ ತೆಗೆದಿಟ್ಟು, "ಅಯ್ಯೋ, ಇವನ ಲೆಕ್ಕ ಅಲುಗಾಡಿಲ್ಲವಲ್ಲಮ್ಮ! ಏಳು ವರ್ಷ ಸುಮ್ಮನೆ ಬೈಕೊಂಡು ತಿರುಗಿದ್ನಲ್ಲ ನಾನು. ಕುರ್ಚಿ ಖಾಲಿ ಇದೆ, ಬರ್ತಾನಾ ಕೇಳು" ಅಂದರು. ಬಾಗಿಲ ತನಕ ಹೋಗಿ ತಿರುಗಿ, "ಹಾಗಾದ್ರೆ ಆ ಹಾಳೆ?" ಅಂದರು. ನಾನು ಕಿಟಕಿ ಕಡೆ ನೋಡಿದೆ.

ನೀನೀಗ ಗೋದಾಮಿನ ಗೇಟಿನಲ್ಲಿ ಲಾರಿ ನಂಬರು ಬರೆಯುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ನಿನ್ನ ಕೆಲಸವಲ್ಲ ಕಣೋ. ಅಟ್ಟದ ಮೇಲಿನ ಹಾರ್ನ್ ಇಳಿಸು. ಮೊದಲ ನಾಲ್ಕು ದಿನ ಅಕ್ಕಪಕ್ಕದವರು ಶಾಪ ಹಾಕುತ್ತಾರೆ, ಹಾಕಲಿ. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು, ಮಗಳಿಗೆ ಅತ್ತೆಯ ಮುತ್ತು. ನೂರು ಕಾಲ ಸುಖವಾಗಿ ಬಾಳಿ.

ಇಂತಿ ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಎದೆ ಸಾಲಲಿಲ್ಲ.

ಆ ಸಂಜೆ ನುಡಿಸಿ ಮುಗಿದ ಮೇಲೆ ಪರದೆಯ ಹಿಂದೆ ನೀನು, "ಅಕ್ಕಾ, ನನ್ನ ಹಾಳೇಲೂ ತಿದ್ದಿದ್ದೆ ತಾನೇ?" ಅಂದೆ. "ತಿದ್ದಿದ್ದೆ ಕಣೋ" ಅಂದೆ. ಆಗ ಅದು ಸುಳ್ಳಲ್ಲ, ತಿದ್ದಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಮಾರನೆಯ ಬೆಳಗ್ಗೆ ಹಾಳೆಗಳನ್ನು ಎತ್ತಿಡುವಾಗ ನೋಡಿದರೆ ಎಲ್ಲರದ್ದೂ ಇಪ್ಪತ್ನಾಲ್ಕಾಗಿತ್ತು, ನಿನ್ನದು ಮಾತ್ರ ಇಪ್ಪತ್ತೇ ಇತ್ತು. ಬಾಗಿಲು ಹಾಕಿಕೊಂಡು, ಬ್ಲೇಡಿನಿಂದ ಸೊನ್ನೆಯನ್ನು ಕೆರೆದು ನಾಲ್ಕು ಬರೆದೆ. ಮಧ್ಯಾಹ್ನ ಮೇಷ್ಟ್ರು ಹಾಳೆ ತರಿಸಿದಾಗ ಅದನ್ನೇ ಕೊಟ್ಟೆ. ನೀನು ನೋಡಿ, "ಅಕ್ಕ ಸರಿಯಾಗೇ ಬರೆದಿದ್ದಾಳೆ ಸಾರ್, ನನ್ನ ಕಣ್ಣೇ ಕೆಟ್ಟಿತ್ತು" ಅಂದೆ. ನನ್ನ ಕೆಲಸ ಹೋದೀತು ಅನ್ನುವ ಹೆದರಿಕೆಗೆ ನಿನ್ನ ಕೆಲಸ ಕಳೆದೆ. ಆಮೇಲೆ ನೀನು ಕನ್ನಡಕದ ಅಂಗಡಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬೈಯಲೂ ಇಲ್ಲ. ನೀನು ಬೈದು ಬರಿ. ನನ್ನನ್ನು ಮಾತಾಡಿಸದಿದ್ದರೂ ಸರಿ, ಬಂದು ನುಡಿಸು. ಈ ಸಲ ನಿನ್ನ ಹಾಳೆಯನ್ನು ಬೇರೆಯವರ ಕೈಲಿ ಬರೆಸಿದ್ದೇನೆ.